ಹಿಂದಿನ ಸೀಟಿನ ಹೊಲಿಗೆ

ಏಳನೆಯ ಕಂತು

ಒಂದು ಮನೆತನ ಮುಚ್ಚಿಟ್ಟುಕೊಂಡು ಬಂದದ್ದನ್ನು ಊರ ಮುಂದೆ ಬಿಚ್ಚಿ ಹಿಡಿಯುವುದು ಒಳ್ಳೆಯವರ ಕೆಲಸವಲ್ಲ. ಅದು ಗೊತ್ತಿದ್ದೂ ಹೇಳಲು ಕೂತದ್ದಕ್ಕೆ ಓದುವವರು ಕ್ಷಮಿಸಬೇಕು. ಎಲ್ಲಿಯಾದರೂ ಮಾತು ತಪ್ಪಿದರೆ ಅದು ಹೇಳಿದವರ ತಪ್ಪು, ಆ ಮನೆಯವರದಲ್ಲ.

"ಸೀಟ ಕೆಳಗಿಡು ಅಂದೆ."

ಅಪೂರ್ವ ಇಡಲಿಲ್ಲ. ಕಾಂಟೆಸ್ಸಾ ಕಾರಿನ ಹಿಂದಿನ ಸೀಟನ್ನು ಎರಡು ಖಾಲಿ ಡಬ್ಬಿಗಳ ಮೇಲೆ ಬೋರಲಾಗಿ ಮಲಗಿಸಿ, ಅದರ ಹೊಟ್ಟೆಯ ಮೇಲೆ ಬ್ಯಾಟರಿ ದೀಪ ಹಿಡಿದಳು.

"ಕೆಳಗ ಇಟ್ರ ಹುಳಾ ಹತ್ತತಾವ್ರಿ ಕಾಕಾ."

"ಇಪ್ಪತ್ತಾರ ವರ್ಷ ಹತ್ತದ ಹುಳಾ ಇವತ್ತ ಹತ್ತತೈತೇನು? ತಂಬಾಕದ ವಖಾರ್ಯಾಗ ಹುಳಾ ಬರೂದಿಲ್ಲ. ಅಷ್ಟೂ ಗೊತ್ತಿಲ್ಲ, ಚಿಕ್ಕೋಡ್ಯಾಗ ಹುಡುಗರಿಗೆ ಗಾಡಿ ದುರಸ್ತಿ ಕಲಸ್ತಾಳಂತ!"

"ಗೊತ್ತಿದ್ದಷ್ಟ ಕಲಸ್ತೀನ್ರಿ. ಗೊತ್ತಿಲ್ಲದ್ದನ್ನ ಇಲ್ಲಿ ಬಂದು ಕಲಿಯಾಕತ್ತೀನಿ."

ಧನಪಾಲ ಕಾಕಾ ಕುರ್ಚಿಯಲ್ಲಿ ಕೂತೇ ಕೆಮ್ಮಿ ಉಗುಳಿದ. ನಿಪ್ಪಾಣಿಯ ಆ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ತಂಬಾಕಿನ ಧೂಳು ಯಾವಾಗಲೂ ಗಾಳಿಯಲ್ಲೇ ಇರುತ್ತಿತ್ತು. ಹೊಸಬರು ಒಳಗೆ ಕಾಲಿಟ್ಟರೆ ಸೀನಿಯೇ ಸಾಯಬೇಕು. ಅಪೂರ್ವಳಿಗೆ ಹನ್ನೊಂದು ಭಾನುವಾರಗಳಲ್ಲಿ ಅದು ರೂಢಿಯಾಗಿತ್ತು. ಕಾಕಾನ ಮುಖ ನೋಡುವುದು ಮಾತ್ರ ರೂಢಿಯಾಗಿರಲಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಅವಳ ಅಪ್ಪ ವೃಷಭ ಇದೇ ಕಾರು ಹತ್ತಿ ಶೇಡಬಾಳದಿಂದ ಹೊರಟವನು ತಿರುಗಿ ಬರಲಿಲ್ಲ. ಕಾರು ಮಿರಜ ಸ್ಟೇಶನ್ನಿನ ಹೊರಗೆ ಸಿಕ್ಕಿತು. ಹೆಂಡತಿ, ಮೂರು ವರ್ಷದ ಮಗಳನ್ನು ಬಿಟ್ಟು ರೈಲು ಹತ್ತಿ ಓಡಿಹೋದ ಎಂದು ಠಾಣೆಯಲ್ಲಿ ಬರೆಸಿದವನು ಅವನ ತಮ್ಮ ಧನಪಾಲ. ಅಂದಿನಿಂದ ಅಪೂರ್ವಳ ಹೆಸರು ಊರಿನಲ್ಲಿ 'ಓಡಿ ಹೋದವನ ಮಗಳು'.

ಅಪ್ಪ ತಾನಾಗಿ ಹೋದನೋ, ಯಾರಾದರೂ ಹೋಗುವಂತೆ ಮಾಡಿದರೋ. ಅವಳಿಗೆ ಬೇಕಾದದ್ದು ಈ ಒಂದೇ ಉತ್ತರ. ಮನೆಯ ಆಸ್ತಿ ವಾಟಣಿಯಲ್ಲಿ ಈ ಮುರುಕು ಕಾರು ಅವ್ವನ ಪಾಲಿಗೆ ಬಂದಾಗ ಎಲ್ಲರೂ ನಕ್ಕಿದ್ದರು. ಅಪೂರ್ವ ನಗಲಿಲ್ಲ. ದುರಸ್ತಿ ಮಾಡುತ್ತೇನೆ ಎಂದಳು.

"ಗಾಡಿ ನಿಮ್ಮದು, ವಖಾರಿ ನಂದು" ಎಂದಿದ್ದ ಕಾಕಾ. "ನಾ ಇಲ್ಲದಾಗ ಒಂದ ಸ್ಕ್ರೂ ತಿರುವಾಕಿಲ್ಲ."

ಹಾಗೆ ಶುರುವಾಗಿತ್ತು ಇಬ್ಬರ ಕೆಲಸ. ಸತ್ಯ ಹೇಳಬೇಕೆಂದರೆ ಕಾಕಾನ ಕೈಯಲ್ಲಿ ಕಸುಬಿತ್ತು. ಕಾರ್ಬುರೇಟರನ್ನು ಕಿವಿಯಿಂದಲೇ ಹದ ಮಾಡುತ್ತಿದ್ದ. ಇಂಜಿನ್ನು ಇಳಿಸುವಾಗ ಸರಪಳಿಯ ಒಂದು ತುದಿ ಅವನು ಹಿಡಿದಿದ್ದ, ಇನ್ನೊಂದು ತುದಿ ಅವಳು. ಒಬ್ಬರ ಮುಖ ಒಬ್ಬರು ನೋಡದೆ ಒಂದೇ ನಟ್ಟನ್ನು ಇಬ್ಬರೂ ಬಿಗಿದಿದ್ದರು. ನಟ್ಟು ಬಿಗಿಯುವ ಪಾನಾ ಕೇಳಿದರೆ ಭಿಕ್ಷೆ ಹಾಕಿದ ಹಾಗೆ ಎಸೆಯುತ್ತಿದ್ದ.

ಈಗ ಅವಳ ಬ್ಯಾಟರಿಯ ಬೆಳಕು ಸೀಟಿನ ಕೆಳಗಿನ ದಪ್ಪ ಬಟ್ಟೆಯ ಮೇಲೆ ಒಂದೂವರೆ ಗೇಣು ಉದ್ದದ ಹೊಲಿಗೆಯ ಮೇಲೆ ನಿಂತಿತ್ತು. ಕಾರ್ಖಾನೆಯ ಹೊಲಿಗೆಯಲ್ಲ. ಯಾರೋ ಬಟ್ಟೆ ಸೀಳಿ, ಆಮೇಲೆ ಕೈಯಿಂದ ಹೊಲಿದಿದ್ದರು. ಎಳೆ ದಪ್ಪ, ಕಂದು ಬಣ್ಣ. ಒಂದೊಂದು ಹೊಲಿಗೆಯೂ ಅಕ್ಕಿಕಾಳು ಜೋಡಿಸಿದ ಹಾಗೆ ಸಾಲಾಗಿ ಕೂತಿತ್ತು.

"ಇದನ್ನ ಯಾರ ಹೊಲದಾರ್ರಿ?"

"ನಾನ ಹೊಲಿಸೀನಿ." ಉತ್ತರ ಪ್ರಶ್ನೆಗಿಂತ ಮುಂಚೆ ಬಂದ ಹಾಗಿತ್ತು. "ಇಲ್ಲೇ ನಿಪ್ಪಾಣ್ಯಾಗ. ಇಲಿ ಕಡದಿತ್ತು. ಚೀಲಾ ಹೊಲಿಯೂ ಸುತಳಿಯಿಂದ ಹೊಲಿಸಿದೆ. ಮುಚ್ಚಿಡು."

"ತಂಬಾಕದ ವಖಾರ್ಯಾಗ ಹುಳಾ ಬರೂದಿಲ್ಲ, ಇಲಿ ಬರ್ತಾವೇನ್ರಿ?"

ಕಾಕಾ ಎದ್ದು ನಿಂತ. "ನಾಲಿಗಿ ಭಾಳ ಉದ್ದ ಆತು ನಿಂದು. ನಿಮ್ಮಪ್ಪ ಹೋದ ಮ್ಯಾಲ ನಿಮ್ಮಿಬ್ಬರನ್ನ ಸಾಕಿದಾಂವ ಯಾರು? ದಿಗ್ಗೇವಾಡಿ ಹೊಲಕ್ಕ ಟ್ರ್ಯಾಕ್ಟರ್ ತಂದು, ಡ್ರೈವರನ ಇಟ್ಟು, ಕಬ್ಬ ಬೆಳದು, ವರ್ಷಾ ನಿಮ್ಮ ಮನಿಗೆ ಜ್ವಾಳಾ ಕಳಿಸಿದಾಂವ ಯಾರು?"

"ನಿಮ್ಮ ಅಣ್ಣ ಹೋದ ವರ್ಷನ ಟ್ರ್ಯಾಕ್ಟರ್ ಬಂತು. ಅದೂ ಊರಿಗೆ ಗೊತ್ತೈತ್ರಿ."

"ಬಂದ್ರ? ಎತ್ತಿನ ಗಾಡ್ಯಾಗ ಎಷ್ಟ ದಿನ ಕಬ್ಬ ಒಯ್ಯೂದು?"

ಅವಳು ಚಾಕುವಿನ ತುದಿಯಿಂದ ಹೊಲಿಗೆಯ ಒಂದು ಎಳೆ ಎತ್ತಿ, ನಾಲ್ಕು ಬೆರಳುದ್ದ ಕತ್ತರಿಸಿಕೊಂಡಳು. ಇನ್ನೊಂದು ಕೈಯಿಂದ ಮೂಲೆಯ ಚೀಲವೊಂದರ ಸುತಳಿಯನ್ನೂ ಕಿತ್ತಳು. ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದಳು.

"ಏ! ವಖಾರ್ಯಾಗ ಬೆಂಕಿ ಕಡ್ಡಿ? ತಲಿ ನೆಟ್ಟಗೈತೇನಬೇ ನಿಂದು?"

"ಅಂಗಳಕ್ಕ ಬರ್ರಿ ಹಂಗಾರ. ನೀವ ಹಿಡೀರಿ, ನಾ ಕಡ್ಡಿ ಗೀರ್ತೀನಿ."

ಅಂಗಳದಲ್ಲಿ ಬಿಸಿಲು ಏರಿತ್ತು. ಕಾಕಾ ಎರಡು ಎಳೆಗಳನ್ನೂ ಬೆರಳ ತುದಿಯಲ್ಲಿ ಹಿಡಿದ, ಹುಚ್ಚಿಯ ಮಾತು ಕೇಳಿ ಮುಗಿಸಿಬಿಡೋಣ ಎನ್ನುವ ಹಾಗೆ. ಅವಳು ಮೊದಲು ಸುತಳಿಗೆ ಬೆಂಕಿ ತಾಗಿಸಿದಳು. ಅದು ಕಾಗದದ ಹಾಗೆ ಉರಿದು ಬೂದಿಯಾಗಿ ಉದುರಿತು.

ಎರಡನೆಯದು ಉರಿಯಲಿಲ್ಲ. ಮುದುಡಿತು. ಸುರುಳಿ ಸುತ್ತಿಕೊಂಡು ಕಪ್ಪಾಯಿತು. ಕೂದಲು ಸುಟ್ಟ ನಾತ ಇಬ್ಬರ ಮೂಗಿಗೂ ಒಂದೇ ಸಲ ಬಡಿಯಿತು.

"ಇದು ಸುತಳಿ ಅಲ್ಲರಿ ಕಾಕಾ. ಚರ್ಮ."

ಕಾಕಾ ಕೈ ಝಾಡಿಸಿದ. ಎಳೆ ನೆಲಕ್ಕೆ ಬಿತ್ತು. ನಳದ ಕಡೆ ನಡೆದು, ಬೂದಿ ಹಚ್ಚಿ ಕೈ ತಿಕ್ಕತೊಡಗಿದ. ಬೆರಳು, ಅಂಗೈ, ಮೊಣಕೈವರೆಗೆ. ಮತ್ತೆ ಬೂದಿ, ಮತ್ತೆ ನೀರು.

ಆ ಜೈನ ಮನೆಗೆ ಅಜ್ಜ ಜಿನ್ನಪ್ಪ ಹಾಕಿದ ನೇಮ ಅದು. ಮನೆಯೊಳಗೆ ಚರ್ಮ ಬರುವ ಹಾಗಿಲ್ಲ. ಸೊಂಟದ ಪಟ್ಟಿ ಬಟ್ಟೆಯದು, ದುಡ್ಡಿನ ಚೀಲ ಬಟ್ಟೆಯದು, ಕಾಲಿಗೆ ರಬ್ಬರಿನದು. ಕಾರು ಬಂದ ದಿನವೇ ಸ್ಟೇರಿಂಗಿನ ಚರ್ಮದ ಹೊದಿಕೆ ಬಿಚ್ಚಿಸಿ, ಆಮೇಲೇ ಅಂಗಳಕ್ಕೆ ಬಿಟ್ಟಿದ್ದನಂತೆ ಅಜ್ಜ. ಅರವತ್ತು ದಾಟಿದ ಕಾಕಾ ಈವರೆಗೆ ಚರ್ಮವನ್ನು ತಿಳಿದೂ ತಿಳಿದೂ ಮುಟ್ಟಿದವನಲ್ಲ. ಅದಕ್ಕೇ ಚರ್ಮದ ಎಳೆ ಯಾವುದು, ಸುತಳಿ ಯಾವುದು ಎಂದು ಅವನ ಕಣ್ಣಿಗೆ ತಿಳಿಯಲಿಲ್ಲ.

ಅಪೂರ್ವ ಅವನನ್ನೇ ನೋಡುತ್ತ ನಿಂತಳು. ಸಿಕ್ಕಿಬಿದ್ದವನ ಹೆದರಿಕೆ ಕಾಣುತ್ತದೆ ಎಂದುಕೊಂಡು ಹೂಡಿದ ಆಟ ಇದು. ಕಂಡದ್ದು ಹೆದರಿಕೆಯಲ್ಲ, ಹೇಸಿಗೆ. ಅದರಲ್ಲಿ ನಟನೆಯಿರಲಿಲ್ಲ.

ಹೊಲಿಸಿದವನಿಗೆ ಇಷ್ಟು ಹೇಸಿಗೆ ಬರಲು ಸಾಧ್ಯವಿಲ್ಲ. ಅಂದರೆ ಇವನು ಹೊಲಿಸಿಲ್ಲ. ಮತ್ತೆ 'ನಾನ ಹೊಲಿಸೀನಿ' ಎಂದು ಯಾಕೆ ಹೇಳಿದ?

ತಾನು ಲೆಕ್ಕ ಹಾಕಿದ್ದು ತಪ್ಪಿತ್ತು. ಆದರೂ ಅವಳು ಒಳಗೆ ಹೋಗಿ, ಸಾಲಿನ ಕೊನೆಯಷ್ಟು ಬಿಟ್ಟು ಉಳಿದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದಳು. ಸೀಳಿನೊಳಗೆ ತೆಂಗಿನ ನಾರು. ನಾರಿನೊಳಗೆ ಕೈ ತೂರಿಸಿದಳು, ಮೊಣಕೈವರೆಗೆ. ಬೆರಳಿಗೆ ಗಟ್ಟಿಯಾದದ್ದೊಂದು ತಾಗಿತು.

ಎಳೆದಳು. ಬೂಟು.

ಎಡಗಾಲಿನ ಒಂದೇ ಬೂಟು. ಮೇಲೆ ದಪ್ಪ ಕ್ಯಾನ್ವಾಸು, ಕೆಳಗೆ ಟಾಯರಿನ ರಬ್ಬರು ಪದರ ಪದರವಾಗಿ ಅಂಟಿಸಿ, ಹೊಲಿದು, ಎರಡು ಬೆರಳು ಎತ್ತರ ಮಾಡಿದ ಅಟ್ಟೆ. ಅಪ್ಪನ ಎಡಗಾಲು ಎರಡು ಬೆರಳು ಗಿಡ್ಡ. ಸಣ್ಣಂದಿನಲ್ಲಿ ಪೋಲಿಯೋ ಆಗಿತ್ತು. ಈ ಬೂಟಿಲ್ಲದೆ ಅವನು ಹತ್ತು ಹೆಜ್ಜೆ ನಡೆಯುತ್ತಿರಲಿಲ್ಲ, ಕ್ಲಚ್ ತುಳಿಯುವ ಮಾತಂತೂ ಇಲ್ಲ.

ಮೂರು ವಾರದ ಹಿಂದೆ ಕಾರಿನ ಕ್ಲಚ್ ಪೆಡಲಿನ ರಬ್ಬರು ಒಂದೇ ಅಂಚಿನಲ್ಲಿ ಸವೆದದ್ದನ್ನು ಅವಳು ಕಂಡಿದ್ದಳು. ಈಗ ಬೂಟು ತಿರುಗಿಸಿದಳು. ಅಟ್ಟೆಯ ಹೊರಅಂಚಿನಲ್ಲಿ ಅದೇ ಸಣ್ಣ ಸಣ್ಣ ಗೆರೆ, ಅದೇ ನುಣುಪು. ಪೆಡಲೂ ಬೂಟೂ ಒಂದಕ್ಕೊಂದು ಸಾಕ್ಷಿ ಹೇಳಿದ ಹಾಗಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ಕಾಕಾ ಒದ್ದೆ ಕೈ ಹಿಡಿದುಕೊಂಡೇ ನಿಂತಿದ್ದ. ಅವನ ಕಣ್ಣು ಬೂಟಿನ ಮೇಲಿತ್ತು.

"ಅದು ಸುಟ್ಟಿತ್ತಲ್ಲ" ಎಂದ.

ಬಾಯಿ ತಪ್ಪಿದ್ದು ಹೇಳಿದ ಮೇಲೆ ಅವನಿಗೇ ಗೊತ್ತಾಯಿತು.

"ಯಾವಾಗ ಸುಟ್ಟಿತ್ರಿ?" ಅಪೂರ್ವಳ ದನಿ ಸಣ್ಣಗಿತ್ತು. "ಯಾರ ಸುಟ್ಟಿದ್ರು?"

"ನಾ ಏನೂ ಅನಲಿಲ್ಲ."

"ಅಂದ್ರಿ. ಅಪ್ಪ ಈ ಬೂಟ ಹಾಕ್ಕೊಂಡ ಮಿರಜಕ್ಕ ಗಾಡಿ ಹೊಡಕೊಂಡ ಹೋದ ಅಂತ ನೀವ ಠಾಣ್ಯಾಗ ಬರಿಸಿದ್ರಿ. ಬರಸೂ ಮುಂದ ಇದು ಸುಟ್ಟ ಬೂದಿ ಆಗೈತಿ ಅಂತ ನಿಮಗ ಗೊತ್ತಿತ್ತು. ಹೌದಲ್ಲ?"

"ಕೊಡ ಇಲ್ಲಿ ಅದನ್ನ."

"ಮುಟ್ಟಬ್ಯಾಡ್ರಿ."

ಅವನು ಕೈ ಹಾಕಿದ. ಅವಳು ಬೂಟನ್ನು ಎದೆಗವಚಿಕೊಂಡು ಕಾರಿನ ಆ ಬದಿಗೆ ಸರಿದಳು. ನಡುವೆ ಉದ್ದ ಮೂತಿಯ ಆ ಕಾರು. ಬಣ್ಣ ತಿಕ್ಕಿಸಿಕೊಂಡು, ಅರ್ಧ ತಗಡು ಅರ್ಧ ತುಕ್ಕಾಗಿ ನಿಂತಿತ್ತು. ಹನ್ನೊಂದು ವಾರ ಇಬ್ಬರೂ ಸೇರಿ ಜೀವ ತುಂಬಿದ ಕಾರನ್ನು ಈಗ ಇಬ್ಬರೂ ಗೋಡೆ ಮಾಡಿಕೊಂಡರು.

"ನಾಳಿಯಿಂದ ವಖಾರಿಗೆ ಕೀಲಿ ಬೀಳತೈತಿ."

"ಹಾಕ್ರಿ. ಗಾಡಿ ಒಳಗಿರಲಿ. ನನಗ ಬೇಕಾಗಿದ್ದು ಹೊರಗ ಬಂತು."

ಕಾಕಾನ ದನಿ ಒಮ್ಮೆಲೇ ಇಳಿಯಿತು. ಹನ್ನೊಂದು ವಾರದಲ್ಲಿ ಮೊದಲ ಸಲ ಅವನ ಮಾತಿನಲ್ಲಿ ಬೈಗಳಿರಲಿಲ್ಲ. "ಒಂದ ಮಾತ ಕೇಳು, ಅಪೂರ್ವ. ಎಲ್ಲಿ ಬೇಕಾದಲ್ಲಿ ಒಯ್ಯಿ. ಠಾಣೆಕ್ಕ ಒಯ್ಯಿ. ವೈನಿ ಮುಂದ ಮಾತ್ರ ಒಯ್ಯಬ್ಯಾಡ."

"ಯಾಕ್ರಿ? ನಮ್ಮವ್ವಗ ಗಂಡನ ಬೂಟ ನೋಡೂ ಹಕ್ಕಿಲ್ಲೇನು?"

"ಒಯ್ದಿ ಅಂದ್ರ ನೀ ಈ ಮನಿ ಹುಡುಗಿ ಅಲ್ಲ."

"ಯಾವತ್ತ ಇದ್ದೆನ್ರಿ?"

ಅವಳು ಹೊರಗೆ ಬಂದು ಬೈಕು ಚಾಲೂ ಮಾಡಿದಳು. ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿತ್ತು. ಬೂಟಿನ ಅಟ್ಟೆಯನ್ನು ಮೇಣದ ದಾರದಿಂದ ಹೊಲಿದಿದ್ದರು. ಸೀಟನ್ನು ಚರ್ಮದ ಎಳೆಯಿಂದ. ಆದರೂ ಎರಡರಲ್ಲೂ ಸಾಲಿನ ಕೊನೆ ಒಂದೇ ಥರ. ಗಂಟು ಹಾಕದೆ, ಎಳೆಯ ತುದಿಯನ್ನು ಹಿಂದಿನ ಮೂರು ಹೊಲಿಗೆಗಳ ಕೆಳಗೆ ತೂರಿಸಿ ಬಿಟ್ಟಿದ್ದರು. ಎರಡೂ ಒಂದೇ ಕೈಯ ಕೆಲಸ. ಅಪ್ಪನ ಬೂಟು ಮಾಡುತ್ತಿದ್ದವರು ಅಥಣಿಯ ಸತ್ಯಪ್ಪನ ಮನೆಯವರು ಎಂದು ಅವ್ವ ಎಷ್ಟೋ ಸಲ ಹೇಳಿದ್ದಳು.

ಸತ್ಯಪ್ಪ ತೀರಿಕೊಂಡು ಎಂಟು ವರ್ಷವಾಗಿತ್ತು. ಅವನ ಹೆಂಡತಿ ಸತ್ತೆವ್ವ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಚಪ್ಪಲಿಯ ಪಟ್ಟಿ ಹೆಣೆಯುತ್ತಿದ್ದಳು. ಸುತ್ತ ನೆನೆಸಿದ ಚರ್ಮದ ವಾಸನೆ. ಎಪ್ಪತ್ತು ದಾಟಿದ ಮುದುಕಿ. ಬೆರಳು ಮಾತ್ರ ಹದಿನೆಂಟರವು.

"ಬರ್ರಿ ಅಕ್ಕಾರ, ಯಾವ ನಂಬರ ಬೇಕ್ರಿ?"

ಅಪೂರ್ವ ಚಪ್ಪಲಿ ಕೇಳಲಿಲ್ಲ. ಸೀಟಿನಿಂದ ಬಟ್ಟೆ ಸಮೇತ ಕತ್ತರಿಸಿ ತಂದ ಹೊಲಿಗೆಯ ಕೊನೆಯ ತುಂಡನ್ನು ಅವಳ ಅಂಗೈಯಲ್ಲಿಟ್ಟಳು. ಸತ್ತೆವ್ವ ಅದನ್ನು ಕಣ್ಣಿಗೆ ಹಿಡಿಯಲಿಲ್ಲ. ಉಗುರಿನಿಂದ ಸವರಿ ತುದಿ ಹುಡುಕಿದಳು.

"ಇದು ನಂದ ಐತಿ."

"ಖರೇನ ಹೇಳ್ರಿ ಆಯಿ. ಗುರುತ ಹೆಂಗ?"

"ತುದಿ ನೋಡ್ರಿ, ಮೂರ ಹೊಲಗಿ ಕೆಳಗ ಹೋಗೈತಿ. ನಮ್ಮತ್ತಿ ಕಲಿಸಿದ್ದು. ಗಂಟ ಹಾಕಿದ್ರ ಕಾಲಿಗೆ ಒತ್ತತೈತಿ ಅಂತಿದ್ಲು. ಇದು ಎಲ್ಲಿ ಸಿಕ್ತು?"

"ಒಂದ ಗಾಡಿ ಸೀಟ್ನ್ಯಾಗ."

ಮುದುಕಿಯ ಬೆರಳು ನಿಂತಿತು. "ಶೇಡಬಾಳದ ಗಾಡಿ? ಕುಂಟ ಸಾವಕಾರಂದು?" ನಾಲಿಗೆ ಕಚ್ಚಿಕೊಂಡಳು. "ತಪ್ಪಾತ್ರಿ. ವೃಷಭ ಸಾವಕಾರಂದು."

"ಅವರ ಮಗಳ ನಾನು."

ಸತ್ತೆವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆ ಕೂಸು ನೀನನ? ಅವ್ವನ ಕಂಕುಳಾಗ ಕುಂತು ನನ್ನ ಉಳಿ ಬೇಕಂತ ಅತ್ತದ್ದು ನೀನನ?"

"ಯಾವಾಗರಿ?"

"ಕಾರಹುಣ್ಣಿಮಿ ಮರುದಿನ. ಹೊಸಾ ಬೂಟ ಕೊಡಾಕ ಹೋಗಿದ್ದೆ."

"ಹೊಸಾ ಬೂಟ?" ಮನೆಯಲ್ಲಿ ಯಾರೂ ಯಾವತ್ತೂ ಹೊಸ ಬೂಟಿನ ಮಾತು ಎತ್ತಿರಲಿಲ್ಲ.

"ಹೂಂ. ಸಾವಕಾರ ತಾವ ಬಂದು ಹೇಳಿ ಹೋಗಿದ್ರು, ಲಗು ಬೇಕು, ಯಾರಿಗೂ ಹೇಳಬ್ಯಾಡ ಅಂತ. ಒಯ್ದೆ. ನಿಮ್ಮವ್ವ ಅಂಗಳದಾಗ ಬಂದು ಇಸಕೊಂಡ್ಲು. ಹೆಂಗೂ ಬಂದಿ, ಗಾಡಿ ಸೀಟ ಹರದೈತಿ, ಹೊಲದ ಹೋಗು ಅಂದ್ಲು. ನನ್ನ ಚೀಲದಾಗ ಇದ್ದದ್ದು ಚರ್ಮದ ಎಳಿ ಒಂದ. ಯಾವದರಿಂದ ಹೊಲೀತಿ ಅಂತ ಆಕಿ ಕೇಳಲಿಲ್ಲ. ನಾನೂ ಹೇಳಲಿಲ್ಲ."

"ಯಾಕ ಹೇಳಲಿಲ್ಲರಿ?"

"ಯಾಕ ಹೇಳಲಿ?" ಸತ್ತೆವ್ವ ನಕ್ಕಳು. ಆ ನಗೆ ಹಿತವಾದದ್ದಾಗಿರಲಿಲ್ಲ. "ಕುಡಿಯಾಕ ನೀರ ಕೇಳಿದ್ರ ಮೊಳಾ ಎತ್ತರದಿಂದ ಸುರವಿದ್ಲು ನಿಮ್ಮವ್ವ, ತಂಬಗಿ ನನ್ನ ಕೈಗೆ ತಾಗಬಾರದಂತ. ಹಿಂಗಂದ್ಯಾ, ಇರು ಅಂತ ಹೊಲದ ಬಂದೆ. ಇಷ್ಟ ವರ್ಷ ನನ್ನ ಚರ್ಮಾ ಮನ್ಯಾಗ ಇಟಗೊಂಡಾರಲ್ಲ, ಪಾಪ, ಗೊತ್ತಿಲ್ದ!"

ಅಪೂರ್ವಳಿಗೆ ಮುಖ ಎತ್ತಲಾಗಲಿಲ್ಲ. ತಗ್ಗಿಸಿಕೊಂಡೇ ಕೇಳಿದಳು. "ಕಾರಹುಣ್ಣಿಮಿ ಮರುದಿನ ಅಂತ ಹೆಂಗ ನೆನಪೈತ್ರಿ?"

"ಮರಿಯೂ ಹಂಗ ಇತ್ತೇನು? ಎತ್ತಿನ ಕೊಂಬಿಗೆ ಹಚ್ಚಿದ್ಹಂಗ ಆ ಗಾಡಿ ಮೂತಿಗೂ ಕೆಂಪ ಹುರಮಂಜ ಹಚ್ಚಿದ್ರು. ಇನ್ನೂ ಹಸಿ ಇತ್ತು. ನನ್ನ ಸೀರಿಗೆ ಹತ್ತಿತು."

ಬಂಪರಿನ ಒಳಮೂಲೆಯ ಕೆಂಪು. ಅಪೂರ್ವ ಅದನ್ನು ಮೊದಲ ವಾರವೇ ನೋಡಿದ್ದಳು. ತುಕ್ಕು ಹಿಡಿಯದಿರಲೆಂದು ಹಚ್ಚುವ ಕೆಂಪು ಬಣ್ಣವೆಂದುಕೊಂಡು ತಿಕ್ಕಿ ತೆಗೆದಿದ್ದಳು. ಕಲಿತವಳ ತಪ್ಪು.

ಠಾಣೆಯ ಕಾಗದದ ಪ್ರಕಾರ ಅಪ್ಪ ಕಾರು ಹತ್ತಿ ಹೊರಟದ್ದು ಅದರ ಮರುದಿನ ಬೆಳಿಗ್ಗೆ. ಅಂದರೆ ಅವನು ಹೊರಡುವ ಹಿಂದಿನ ದಿನವೇ ಹಳೆಯ ಬೂಟು ಸೀಟಿನೊಳಗೆ ಸೇರಿತ್ತು. ಸೇರಿಸಿದವಳು ಅವ್ವ.

"ಒಳಗ ಏನ ಐತಿ ಅಂತ ನೋಡಿದ್ರೇನು?"

"ಊಹೂಂ. ನಾ ಬರೂದ್ರಾಗ ತುಂಬಿ ಇಟ್ಟಿದ್ಲು." ಸತ್ತೆವ್ವ ಮತ್ತೆ ಪಟ್ಟಿ ಕೈಗೆತ್ತಿಕೊಂಡಳು. "ಆದ್ರ ಒಂದ ಹೇಳ್ತೀನಿ. ಒಳಗಿನ ಖೋಲ್ಯಾಗ ಗಂಡಸರು ಯಾರೋ ಕೆಮ್ಮಿದ್ರು. ಸಾವಕಾರ ಊರಾಗಿಲ್ಲ ಅಂದಿದ್ಲು ನಿಮ್ಮವ್ವ."

ಶೇಡಬಾಳ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಹೊತ್ತು ಮುಳುಗುವ ಮೊದಲು ಉಣ್ಣುವುದು ಆ ಮನೆಯ ರೂಢಿ. ಅವ್ವ ಲಕ್ಷ್ಮಿಬಾಯಿ ಉಂಡು, ತಾಟು ತೊಳೆದು, ಪಡಸಾಲೆಯಲ್ಲಿ ಕಾಳು ಆರಿಸುತ್ತ ಕೂತಿದ್ದಳು. ಹಣೆಯ ಮೇಲೆ ದುಂಡನೆಯ ಕುಂಕುಮ. ಇಪ್ಪತ್ತಾರು ವರ್ಷ ಊರವರು ಹಿಂದಿನಿಂದ ನಕ್ಕರೂ ಒಂದು ದಿನ ತಪ್ಪಿಸದ ಕುಂಕುಮ.

ಅಪೂರ್ವ ಬೂಟನ್ನು ಮೊರದ ಪಕ್ಕದಲ್ಲಿಟ್ಟಳು.

ಲಕ್ಷ್ಮಿಬಾಯಿ ಬೆಚ್ಚಲಿಲ್ಲ. ಕೈಯಲ್ಲಿದ್ದ ಕಲ್ಲೊಂದನ್ನು ಆರಿಸಿ ಹೊರಗೆಸೆದಳು. ಆಮೇಲೆ, "ಹೊರಗ ತಗದ್ಯಾ" ಎಂದಳು.

"ಇದನ್ನ ಸೀಟ್ನ್ಯಾಗ ಹೊಲಿಸಿದಾಕಿ ನೀನ ಅಂತ ಸತ್ತೆವ್ವ ಹೇಳಿದ್ಲು. ಕಾಕಾ ನಿನ್ನ ಮುಂದ ತರಬ್ಯಾಡ ಅಂದ. ನೀವಿಬ್ಬರೂ ಕೂಡಿ ಅಪ್ಪನ್ನ ಏನ ಮಾಡಿದ್ರಿ?"

"ಬಾಯಿ ಬಿಗಿ ಹಿಡಿ. ಯಾರ ಜೋಡಿ ಮಾತಾಡಾಕತ್ತಿ ಅಂತ ಖಬರ ಇರಲಿ."

"ಇಲ್ಲ. ಓಡಿ ಹೋದವನ ಮಗಳ ಅಂತ ಅನಿಸಿಕೊಂಡಾಕಿ ನಾನು. ಅಂವಾ ಆ ದಿನ ಮನ್ಯಾಗ ಇದ್ದ. ಒಳಗ ಕೆಮ್ಮಿದ. ಮರುದಿನ ಇಲ್ಲ. ಹೇಳ ನೀ."

ಲಕ್ಷ್ಮಿಬಾಯಿ ಮೊರ ಸರಿಸಿದಳು. ಬೂಟನ್ನು ಮುಟ್ಟಲಿಲ್ಲ.

"ಜೀವಕ್ಕ ಬಂದೈತಿ ಅಂದ ನಿಮ್ಮಪ್ಪ. ಯಾರಿಂದ ಅಂತ ಹೇಳಲಿಲ್ಲ. ಒಂದ ವರ್ಷ ಕಣ್ಮರಿ ಆಗತೀನಿ, ಯಾರಿಗೂ ಹೇಳಬ್ಯಾಡ ಅಂದ. ಹೊಸಾ ಬೂಟ ಮಾಡಿಸಿದ. ಗುರುತ ಉಳೀಬಾರದು, ಹಳೇದನ್ನ ಸುಡು ಅಂದ. ಗಂಡನ ಕಾಲಾಗಿನ ಬೂಟ ಹೆಂಗ ಸುಡಲಿ? ಸುಟ್ಟೀನಿ ಅಂತ ಹೇಳಿದೆ. ಸುಡಲಿಲ್ಲ. ಹೊಸಾದು ಕಾಲ ಕಚ್ಚತೈತಿ, ಹಳೇದು ಗಾಡ್ಯಾಗ ಅವನ ಜೋಡಿ ಇರಲಿ ಅಂತ ಹೊಲಿಸಿದೆ. ಹೊಂಡೂ ಮುಂದ ಕಿವ್ಯಾಗ ಹೇಳಬೇಕಂದೆ. ಧನಪಾಲ ಬಾಜೂಕ ನಿಂತಿದ್ದ. ಹೇಳಾಕ ಆಗಲಿಲ್ಲ."

"ಗಾಡಿ ಯಾರ ಹೊಡದ್ರು?"

"ಧನಪಾಲ. ನಿಮ್ಮಪ್ಪ ಹಿಂದಿನ ಸೀಟಿನ್ಯಾಗ ಮಲಗಿದ್ದ, ಚಾದರ ಹೊಚಗೊಂಡು. ಆ ಸೀಟಿನ ಮ್ಯಾಲನ. ಸಂಜಿಗೆ ಧನಪಾಲ ಒಬ್ಬನ ಬಸ್ಸಿಗೆ ಬಂದ. ರೈಲ ಹತ್ತಿಸೀನಿ ಅಂದ."

"ನೀ ನಂಬಿದಿ."

"ನಂಬಿದೆ. ಯುಗಾದಿ ತನಕ."

ಅವಳು ಎದ್ದು ಒಳಕೋಣೆಗೆ ಹೋದಳು. ಟ್ರಂಕಿನ ಮುಚ್ಚಳ ಕಿರ್ ಎಂದಿತು. ಬಂದಾಗ ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟೊಂದಿತ್ತು. ಬಿಚ್ಚಿದಳು.

ಇನ್ನೊಂದು ಬೂಟು. ಅದೇ ಎಡಗಾಲು, ಅದೇ ಎರಡು ಬೆರಳು ಎತ್ತರದ ಅಟ್ಟೆ, ಅದೇ ಕೈಯ ಹೊಲಿಗೆ.

"ಮುಂದಿನ ಯುಗಾದಿ ಪಾಡ್ಯದ ಮುಂಜಾನಿ ಕಸಾ ಹೊಡಿಯಾಕಂತ ಬಾಗಲಾ ತಗದೆ. ಹೊಸ್ತಲ ಮ್ಯಾಲ ಇದು. ತೊಳದ ಇಟ್ಟಿದ್ರು. ಯಾರೂ ಇರಲಿಲ್ಲ. ಕಾಲ ಇದ್ದಾಂವ ಬೂಟ ಕಳಸ್ತಾನೇನು? ಅವತ್ತಿಂದ ಅಂವಾ ಇಲ್ಲ ಅಂತ ತಿಳಕೊಂಡೀನಿ. ಹೊರಗ ಹೇಳಿದ್ರ ಹೆಂಗ ಸತ್ತ ಅಂತ ಕೇಳತಾರ. ಏನ ಹೇಳಲಿ? ಓಡಿ ಹೋದ ಅಂತಾರು, ಅನ್ನಲಿ. ಕುಂಕುಮ ಮಾತ್ರ ನಾ ಅಳಸಲಿಲ್ಲ. ಅಂವಾ ನನ್ನ ಬಿಟ್ಟ ಹೋದಾಂವಲ್ಲ, ತಿರುಗಿ ಬರೂದ್ರಾಗ ಸತ್ತಾಂವ."

ಅಪೂರ್ವ ಬೂಟು ತೆಗೆದುಕೊಂಡಳು. ಹೊಸ ಬೂಟು. ಆ ದಿನ ಹಾಕಿಕೊಂಡು, ಆ ದಿನವೇ ಏನೋ ಆಗಿದ್ದರೆ ಅಟ್ಟೆ ಸವೆದಿರಬಾರದು. ಅದನ್ನು ನೋಡಿ ಕಾಕಾನ ಕೊರಳಪಟ್ಟಿ ಹಿಡಿಯುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿಸಿದಳು.

ಅಟ್ಟೆ ಸವೆದಿತ್ತು.

ಹಿಮ್ಮಡಿ ಒಂದು ಬದಿಗೆ ಪೂರ್ತಿ ಇಳಿದಿತ್ತು. ಹೊರಅಂಚಿನಲ್ಲಿ ಹಳೆಯ ಬೂಟಿನ ಸಣ್ಣ ಗೆರೆಗಳಿರಲಿಲ್ಲ. ಎರಡು ಆಳವಾದ ಕಚ್ಚು, ನಡುವೆ ಹಲ್ಲು ಊರಿದ ಗುರುತು. ಕಾರಿನ ಪೆಡಲಿಗೆ ರಬ್ಬರಿರುತ್ತದೆ, ಅದು ಅಟ್ಟೆಯನ್ನು ನುಣುಪು ಮಾಡುತ್ತದೆ. ಇದು ರಬ್ಬರಿಲ್ಲದ, ಬರಿ ಕಬ್ಬಿಣದ ಪೆಡಲು.

ಅವಳಿಗೆ ಈ ಗುರುತು ಎಲ್ಲೋ ನೋಡಿದ್ದೆನಿಸಿತು. ಮೆಲ್ಲಗೆ ಬಾಗಿಲಿಗೆ ಹೋಗಿ, ಹೊರಗೆ ಬಿಟ್ಟಿದ್ದ ತನ್ನದೇ ಎಡಗಾಲಿನ ಬೂಟು ಎತ್ತಿ ತಿರುಗಿಸಿದಳು. ಚಿಕ್ಕೋಡಿಯಲ್ಲಿ ಹುಡುಗರಿಗೆ ಕಲಿಸಲು ಇಟ್ಟಿರುವ ಹಳೆಯ ಟ್ರ್ಯಾಕ್ಟರನ್ನು ಮೂರು ವರ್ಷದಿಂದ ತುಳಿದ ಬೂಟು.

ಅದೇ ಎರಡು ಕಚ್ಚು. ಅದೇ ಹಲ್ಲು.

ಇಂಥ ಕಚ್ಚು ಒಂದು ದಿನದಲ್ಲಿ ಬೀಳುವುದಿಲ್ಲ, ಒಂದು ವಾರದಲ್ಲೂ ಬೀಳುವುದಿಲ್ಲ. ಒಂದು ಕಬ್ಬಿನ ಹಂಗಾಮು ಪೂರ್ತಿ, ದಿನಾ ಬೆಳಗಿನಿಂದ ಕ್ಲಚ್ ತುಳಿದರೆ ಬೀಳುತ್ತದೆ.

'ಟ್ರ್ಯಾಕ್ಟರ್ ತಂದು, ಡ್ರೈವರನ ಇಟ್ಟು...' ಬೆಳಿಗ್ಗೆ ಕಾಕಾ ಅಂದ ಮಾತು ಕಿವಿಯಲ್ಲಿ ಮೂಡಿತು. ದಿಗ್ಗೇವಾಡಿ ಎಷ್ಟು ದೂರ? ಹೊಳೆಯ ಆ ಕಡೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಬರಬಹುದಾದಷ್ಟು.

ಅದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಟ್ರ್ಯಾಕ್ಟರುಗಳು ಸಾವಿರ ಇವೆ. ಒಂದು ಸಲ ಹುರಮಂಜವನ್ನು ತುಕ್ಕು ತಡೆಯುವ ಬಣ್ಣವೆಂದು ತಿಳಿದವಳು ಮತ್ತೊಂದು ಸಲ ತಪ್ಪಬಾರದು.

"ಏನ ನೋಡಾಕತ್ತಿ?" ಲಕ್ಷ್ಮಿಬಾಯಿ ಬಾಗಿಲಿಗೆ ಬಂದಿದ್ದಳು.

ಸುಳ್ಳು ಹೇಳಬಹುದಿತ್ತು. ಅಪೂರ್ವಳಿಗೆ ಹೇಳಲು ಬರಲಿಲ್ಲ. ಎರಡೂ ಬೂಟುಗಳನ್ನು ಅವ್ವನ ಮುಂದೆ ಬೋರಲಾಗಿ ಹಿಡಿದಳು.

"ಅವ್ವಾ, ಇದನ್ನ ಹಾಕ್ಕೊಂಡಾಂವ ತಿಂಗಳಾನುಗಟ್ಟಲೆ ಟ್ರ್ಯಾಕ್ಟರ್ ಹೊಡದಾನ. ಸತ್ತಾಂವ ಕ್ಲಚ್ ತುಳಿಯೂದಿಲ್ಲ."

ಲಕ್ಷ್ಮಿಬಾಯಿ ಮಗಳ ಬೂಟು ನೋಡಿದಳು. ಗಂಡನ ಬೂಟು ನೋಡಿದಳು. ಕಚ್ಚಿನ ಮೇಲೆ ಒಂದು ಸಲ ಹೆಬ್ಬೆರಳು ಇಟ್ಟಳು, ಕಾಳಿನಲ್ಲಿ ಕಲ್ಲು ಹುಡುಕುವ ಹಾಗೆ.

"ಹಂಗಾರ ಬದುಕಿದ್ದ" ಎಂದಳು. "ಬದುಕಿದ್ದು ಬರಲಿಲ್ಲ."

"ಅವ್ವಾ, ಇನ್ನೂ ಗೊತ್ತಿಲ್ಲ. ಯಾರಾದರೂ ಹಿಡಿದ ಇಟ್ಟಿರಬೇಕು, ಇಲ್ಲಾ..."

ಅವಳು ಕೇಳಿಸಿಕೊಳ್ಳಲಿಲ್ಲ. ಸೆರಗಿನ ತುದಿ ಎತ್ತಿ ಹಣೆಯ ಕುಂಕುಮವನ್ನು ಒರೆಸಿಕೊಂಡಳು. ಒಂದೇ ಸಲ, ಬೆವರು ಒರೆಸಿದಷ್ಟು ಸಹಜವಾಗಿ. ಆಮೇಲೆ ಒಳಗೆ ಹೋಗಿ ಮತ್ತೆ ಮೊರ ಕೈಗೆತ್ತಿಕೊಂಡಳು.

ಅಪೂರ್ವ ಹೊಸ್ತಿಲಲ್ಲೇ ನಿಂತಳು. ಅಪ್ಪ ತಾನಾಗಿ ಹೋದನೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಮನೆಯಿಂದ ಹೊರಟದ್ದು ತಾನಾಗಿಯೇ. ಅವಳಿಗೆ ಬೇಕಾದ ಉತ್ತರ ಅದಾಗಿರಲಿಲ್ಲ.

ಆ ಟ್ರ್ಯಾಕ್ಟರು ಯಾರದೆಂದು ಈ ಹೊತ್ತಿಗೂ ಖಚಿತವಾಗಿ ಗೊತ್ತಿಲ್ಲ. ಅವನು ತನ್ನ ಇಚ್ಛೆಯಿಂದ ಅದನ್ನು ಓಡಿಸಿದನೋ, ಯಾರದೋ ಹೆದರಿಕೆಗೋ, ಅದೂ ಗೊತ್ತಿಲ್ಲ. ಬೂಟಿಲ್ಲದೆ ಹತ್ತು ಹೆಜ್ಜೆ ನಡೆಯಲಾರದ ಮನುಷ್ಯ ಯುಗಾದಿಯ ಬೆಳಿಗ್ಗೆ ಆ ಬೂಟನ್ನು ಯಾಕೆ ಬಿಟ್ಟುಕೊಟ್ಟ, ಅದನ್ನು ತೊಳೆದು ಇದೇ ಹೊಸ್ತಿಲ ಮೇಲೆ ತಂದಿಟ್ಟ ಕೈ ಯಾವುದು, ಇದಕ್ಕೂ ಅಪೂರ್ವಳ ಬಳಿ ಉತ್ತರವಿಲ್ಲ. ಹೇಳುತ್ತಿರುವವರ ಬಳಿಯೂ ಇಲ್ಲ.